ಗ್ಯಾಟ್ಸ್‌ಬಿಗೆ ಅಷ್ಟೊಂದು ದುಡ್ಡು ಎಲ್ಲಿಂದ ಬಂತು?

ಇಂಗ್ಲಿಷ್ ಎಂ.ಎ. ಓದುವವರು ಕೇಳುತ್ತಾರೆ, ಸಿನಿಮಾ ನೋಡಿ ಬಂದವರು ಕೇಳುತ್ತಾರೆ. ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್‌ನ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಓದಿ ಮುಗಿಸಿದರೂ ಇದೊಂದು ತಲೆಗೆ ಹೋಗಲಿಲ್ಲ, ನಾನೇ ಸರಿಯಾಗಿ ಓದಿಲ್ಲವೋ ಏನೋ ಅಂತ ಹಿಂಜರಿಯುತ್ತಲೇ ಕೇಳುತ್ತಾರೆ. ಹಿಂಜರಿಕೆ ಬೇಡ. ಈ ಪ್ರಶ್ನೆ ಪುಸ್ತಕ ಅಚ್ಚಾಗುವ ಮೊದಲೇ ಹುಟ್ಟಿದ್ದು, ಕೇಳಿದವನು ಅದರ ಸಂಪಾದಕ.

1924ರ ಕೊನೆಗೆ ಹಸ್ತಪ್ರತಿ ಕೈಸೇರಿದಾಗ ಸ್ಕ್ರಿಬ್ನರ್ಸ್ ಪ್ರಕಾಶನದ ಮ್ಯಾಕ್ಸ್‌ವೆಲ್ ಪರ್ಕಿನ್ಸ್ ತುಂಬಾ ಮೆಚ್ಚಿಕೊಂಡ. ಆದರೆ ಈ ಮನುಷ್ಯನ ದುಡ್ಡಿನ ಮೂಲ ಮಸುಕಾಗಿದೆ, ಓದುಗರು ಕೇಳೇ ಕೇಳುತ್ತಾರೆ, ಅಲ್ಲಲ್ಲಿ ಸುಳಿವು ಬಿಡು ಅಂತ ಕಾಗದ ಬರೆದ. ಅವನು ಏನು ಕೆಲಸ ಮಾಡುತ್ತಿದ್ದ ಅಂತ ನನಗೇ ಗೊತ್ತಿರಲಿಲ್ಲ, ಅದು ನಿನ್ನ ಕಣ್ಣಿಗೆ ಬಿತ್ತು ಅನ್ನುವ ಅರ್ಥದ ಉತ್ತರ ಫಿಟ್ಸ್‌ಜೆರಾಲ್ಡ್‌ನಿಂದ ಬಂತು. ಲೇಖಕರು ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವುದು ಅಪರೂಪ. ಆಮೇಲೆ ಅವನು ಫುಲ್ಲರ್ ಅನ್ನುವವನ ಹಗರಣವನ್ನು ಕೆದಕಿ ತಿಳಿದುಕೊಂಡ. ಫುಲ್ಲರ್‌ನ ಷೇರು ದಲ್ಲಾಳಿ ಕಂಪನಿ 1922ರಲ್ಲಿ ದಿವಾಳಿಯಾಗಿತ್ತು. ಗಿರಾಕಿಗಳ ದುಡ್ಡು ತೆಗೆದುಕೊಂಡು, ಷೇರು ಕೊಳ್ಳದೆ ಲೆಕ್ಕದ ಪುಸ್ತಕದಲ್ಲಷ್ಟೇ ತೋರಿಸುವ ದಂಧೆ ಅದು. ಫುಲ್ಲರ್‌ನ ಮನೆ ಇದ್ದದ್ದು ಲಾಂಗ್ ಐಲೆಂಡಿನ ಗ್ರೇಟ್ ನೆಕ್‌ನಲ್ಲಿ. 1922ರಿಂದ 1924ರವರೆಗೆ ಫಿಟ್ಸ್‌ಜೆರಾಲ್ಡ್ ಇದ್ದದ್ದೂ ಅಲ್ಲೇ. ಅದರ ಮೇಲೆ ರೋಮಿನಲ್ಲಿ ಕೂತು ಪ್ರೂಫ್ ತಿದ್ದಿದ. 1925ರ ಏಪ್ರಿಲ್‌ನಲ್ಲಿ ಪುಸ್ತಕ ಹೊರಬಂತು.

ಓದದವರಿಗೆ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. 1922ರ ಬೇಸಿಗೆ, ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡ್. ತಿಂಗಳಿಗೆ 80 ಡಾಲರ್ ಬಾಡಿಗೆಯ ಸಣ್ಣ ಮನೆಯಲ್ಲಿ ಕಥೆ ಹೇಳುವ ನಿಕ್. ಪಕ್ಕದ ಬಂಗಲೆಯಲ್ಲಿ ಗ್ಯಾಟ್ಸ್‌ಬಿ, ಅಲ್ಲಿ ವಾರ ವಾರ ಪಾರ್ಟಿ. ನೀರಿನ ಆಚೆ ದಡದಲ್ಲಿ ಡೇಸಿ, ಅವಳ ಗಂಡ ಟಾಮ್ ಬುಕ್ಯಾನನ್. ಐದು ವರ್ಷದ ಹಿಂದೆ, ಕೈಯಲ್ಲಿ ಕಾಸಿಲ್ಲದ ಸೈನ್ಯಾಧಿಕಾರಿಯಾಗಿದ್ದಾಗ ಗ್ಯಾಟ್ಸ್‌ಬಿ ಡೇಸಿಯನ್ನು ಪ್ರೀತಿಸಿದ್ದ. ಈಗಿನ ವೈಭವವೆಲ್ಲ ಅವಳು ನೋಡಲಿ ಅಂತ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಐದನೇ ಅಧ್ಯಾಯದಲ್ಲಿ ಗ್ಯಾಟ್ಸ್‌ಬಿ ಒಮ್ಮೆ ಬಾಯಿ ತಪ್ಪುತ್ತಾನೆ. ಈ ಬಂಗಲೆಯ ದುಡ್ಡು ಸಂಪಾದಿಸೋಕೆ ಮೂರೇ ವರ್ಷ ಹಿಡಿಯಿತು ಅನ್ನುತ್ತಾನೆ. ಪಿತ್ರಾರ್ಜಿತ ಅಂದಿದ್ದೆಯಲ್ಲ ಅಂತ ನಿಕ್ ಕೇಳಿದರೆ, ಹೌದು, ಯುದ್ಧದ ಗಡಿಬಿಡಿಯಲ್ಲಿ ಬಹುಪಾಲು ಹೋಯಿತು ಅಂತ ಸಾವರಿಸಿಕೊಳ್ಳುತ್ತಾನೆ. ಏನು ವ್ಯವಹಾರ ಅಂದರೆ, ಅದು ನನ್ನ ವಿಷಯ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿ, ತಕ್ಷಣ ಎಚ್ಚೆತ್ತು ಮೆಡಿಕಲ್ ಶಾಪ್ ವ್ಯಾಪಾರ ಇತ್ತು, ಆಮೇಲೆ ಪೆಟ್ರೋಲಿಯಂ ತೈಲದ ವ್ಯಾಪಾರ ಅನ್ನುತ್ತಾನೆ. ತೈಲದ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಮೆಡಿಕಲ್ ಶಾಪ್ ಮಾತ್ರ ನಿಜ.

1920ರ ಜನವರಿಯಿಂದ ಅಮೆರಿಕದಲ್ಲಿ ಪಾನನಿಷೇಧ. ಹೆಂಡ ತಯಾರಿಸುವುದು, ಮಾರುವುದು, ಸಾಗಿಸುವುದು ಅಪರಾಧ. ಆದರೆ ಡಾಕ್ಟರ ಚೀಟಿ ಇದ್ದರೆ ಔಷಧಿ ಅಂತ ವಿಸ್ಕಿ ಸಿಗುತ್ತಿತ್ತು, ಹತ್ತು ದಿನಕ್ಕೆ ಒಬ್ಬರಿಗೆ ಒಂದು ಪೈಂಟ್, ಅಂದರೆ ಸುಮಾರು ಅರ್ಧ ಲೀಟರ್. ಆಗ ಮೆಡಿಕಲ್ ಶಾಪ್‌ಗಿಂತ ಒಳ್ಳೆಯ ಮರೆ ಬೇಕಾ? ಗ್ಯಾಟ್ಸ್‌ಬಿ ಮತ್ತು ಅವನ ಗುರು ವುಲ್ಫ್‌ಶೈಮ್ ನ್ಯೂಯಾರ್ಕ್, ಶಿಕಾಗೋಗಳ ಸಂದಿಗೊಂದಿಯ ಮೆಡಿಕಲ್ ಶಾಪ್‌ಗಳನ್ನು ಕೊಂಡು, ಕೌಂಟರಿನಲ್ಲೇ ಆಲ್ಕೋಹಾಲ್ ಮಾರಿದರು. ಇದನ್ನು ಹೊರಗೆ ಹಾಕುವವನು ಟಾಮ್. ಆ ಅಂಗಡಿ ವ್ಯಾಪಾರ ಚಿಲ್ಲರೆ ದುಡ್ಡು, ಈಗ ನಡೆಸಿರುವುದು ಇನ್ನೂ ದೊಡ್ಡದು ಅಂತಲೂ ಸೇರಿಸುತ್ತಾನೆ. ಆ ದೊಡ್ಡದು ಏನು ಅಂತ ಗೊತ್ತಾಗುವುದು ಗ್ಯಾಟ್ಸ್‌ಬಿ ಸತ್ತ ಮೇಲೆ. ಶಿಕಾಗೋದಿಂದ ಒಂದು ಫೋನ್ ಬರುತ್ತದೆ. ಡೇಸಿಯೇ ಇರಬೇಕು ಅಂತ ನಿಕ್ ಎತ್ತುತ್ತಾನೆ. ಆ ಕಡೆ ಯಾರೋ ಗಂಡಸು, ನಿಕ್‌ನನ್ನೇ ಗ್ಯಾಟ್ಸ್‌ಬಿ ಅಂದುಕೊಂಡು ಒದರುತ್ತಾನೆ: ನಮ್ಮ ಹುಡುಗ ಕೌಂಟರಿನಲ್ಲಿ ಬಾಂಡ್ ಕೊಡುವಾಗ ಸಿಕ್ಕಿಬಿದ್ದ, ಐದೇ ನಿಮಿಷ ಮೊದಲು ನಂಬರ್‌ಗಳ ಪಟ್ಟಿ ನ್ಯೂಯಾರ್ಕಿನಿಂದ ಬಂದಿತ್ತು! ಕದ್ದ ಬಾಂಡುಗಳು (ಬಡ್ಡಿ ಕೊಡುವ ಸಾಲಪತ್ರಗಳು) ಅಂತ ಅರ್ಥ. ಇಷ್ಟೇ. ಪುಸ್ತಕದಲ್ಲಿ ಇದಕ್ಕಿಂತ ಜಾಸ್ತಿ ಇಲ್ಲ, ಹಾಗಾಗಿ ನೀವು ಓದಿದ್ದು ಸರಿಯಾಗೇ ಇದೆ.

ವುಲ್ಫ್‌ಶೈಮ್ ಅಂದರೆ 2013ರ ಸಿನಿಮಾದಲ್ಲಿ ಅಮಿತಾಭ್ ಬಚ್ಚನ್ ಮಾಡಿದ ಪಾತ್ರ. 1919ರ ವರ್ಲ್ಡ್ ಸೀರೀಸ್ ಬೇಸ್‌ಬಾಲ್ ಫಿಕ್ಸಿಂಗ್‌ನಲ್ಲಿ ಹೆಸರು ಕೇಳಿಬಂದ ಜೂಜುಕೋರ ಆರ್ನಾಲ್ಡ್ ರಾಥ್‌ಸ್ಟೀನ್ ಇವನಿಗೆ ಮಾದರಿ. (ಕಾದಂಬರಿ ಇವನ ಯಹೂದಿ ಮೂಗನ್ನೇ ಹಿಡಿದು ಆಡಿಕೊಳ್ಳುವುದು ಈಗ ಓದುವಾಗ ಮುಜುಗರ ತರುತ್ತದೆ.) ಯುದ್ಧ ಮುಗಿಸಿ ಬಂದ ಗ್ಯಾಟ್ಸ್‌ಬಿಗೆ ಬೇರೆ ಬಟ್ಟೆ ಕೊಳ್ಳಲೂ ಗತಿ ಇರಲಿಲ್ಲ, ಯೂನಿಫಾರ್ಮಿನಲ್ಲೇ ತಿರುಗುತ್ತಿದ್ದ, ಎರಡು ದಿನದಿಂದ ಊಟ ಮಾಡಿರಲಿಲ್ಲ ಅಂತ ಹೇಳುವವನು ಇವನೇ. ಊಟ ಹಾಕಿಸಿದರೆ ಅರ್ಧ ಗಂಟೆಯಲ್ಲಿ ನಾಲ್ಕು ಡಾಲರಿಗೂ ಹೆಚ್ಚು ತಿಂದನಂತೆ.

'ಮಹತ್ವಾಕಾಂಕ್ಷೆ ಮನುಷ್ಯನನ್ನು ಕೆಡಿಸಿತು' ಅಂತ ಗೈಡ್‌ಗಳು ಬರೆಯುತ್ತವೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕೊನೆಯ ಅಧ್ಯಾಯದಲ್ಲಿ ಗ್ಯಾಟ್ಸ್‌ಬಿಯ ಅಪ್ಪ ಒಂದು ಹಳೇ ಪುಸ್ತಕ ತೋರಿಸುತ್ತಾನೆ. ಅದರ ಹಿಂಬದಿಯಲ್ಲಿ ಮಗ ಚಿಕ್ಕಂದಿನಲ್ಲಿ ಬರೆದ ದಿನಚರಿ. ಬೆಳಿಗ್ಗೆ 6ಕ್ಕೆ ಏಳುವುದು. ವ್ಯಾಯಾಮ. ವಿದ್ಯುತ್ ಬಗ್ಗೆ ಓದು. ಸಂಜೆ ಒಂದು ಗಂಟೆ ಮಾತು, ನಿಲುವು ಅಭ್ಯಾಸ. ಕೆಳಗೆ ಸಂಕಲ್ಪಗಳು: ಸಿಗರೇಟು ಇಲ್ಲ, ದಿನ ಬಿಟ್ಟು ದಿನ ಸ್ನಾನ, ಅಪ್ಪ ಅಮ್ಮನ ಜೊತೆ ಚೆನ್ನಾಗಿರುವುದು, ವಾರಕ್ಕೆ 5 ಡಾಲರ್ ಉಳಿತಾಯ. ಆ 5ನ್ನು ಹೊಡೆದುಹಾಕಿ 3 ಅಂತ ಬರೆದಿದ್ದಾನೆ. ಆ ತಿದ್ದುಪಡಿ ನೋಡಿ. ಕೈಲಾಗದ್ದನ್ನು ಬರೆದುಕೊಳ್ಳಬಾರದು ಅಂತ ಲೆಕ್ಕ ಹಾಕಿದ ಹುಡುಗ. ಅದೇ ಶಿಸ್ತಿನಲ್ಲೇ ಮುಂದೆ ಕಳ್ಳಹೆಂಡ ಮಾರಿದ, ಬಾಂಡ್ ಸಾಗಿಸಿದ. ಎರಡರ ನಡುವೆ ಬಿದ್ದು ಕೆಟ್ಟ ಜಾಗ ಯಾವುದು ಅಂತ ಬೊಟ್ಟು ಮಾಡೋಕೆ ಆಗುವುದಿಲ್ಲ. ಹಾಗಂತ ಅವನೇನು ಸಾಚಾ ಅಲ್ಲ. ದಂಧೆಯಲ್ಲಿ ಜೊತೆಗಿದ್ದ ವಾಲ್ಟರ್ ಚೇಸ್ ನ್ಯೂಜೆರ್ಸಿಯಲ್ಲಿ ಒಂದು ತಿಂಗಳು ಜೈಲಿಗೆ ಹೋದಾಗ ಗ್ಯಾಟ್ಸ್‌ಬಿ ಕೈಬಿಟ್ಟುಬಿಟ್ಟ.

ಆದರೆ ನನ್ನನ್ನು ಕಾಡುವುದು ಬೇರೆ. ಟಾಮ್‌ಗೆ ದುಡ್ಡು ಎಲ್ಲಿಂದ ಬಂತು ಅಂತ ನನ್ನನ್ನು ಯಾರೂ ಕೇಳಿಲ್ಲ.

ಕೇಳಿದರೂ ಉತ್ತರ ಇಲ್ಲ. ಮನೆಯವರು ಭಾರೀ ಶ್ರೀಮಂತರು ಅನ್ನುವುದು ಬಿಟ್ಟರೆ ಕಾದಂಬರಿ ಏನೂ ಹೇಳುವುದಿಲ್ಲ. ಸಂಪಾದನೆ ಕಾಣುವುದಿಲ್ಲ, ಖರ್ಚು ಮಾತ್ರ ಕಾಣುತ್ತದೆ. ಶಿಕಾಗೋ ಪಕ್ಕದ ಲೇಕ್ ಫಾರೆಸ್ಟ್‌ನಿಂದ ಪೋಲೋ ಕುದುರೆಗಳನ್ನು ಸಾಲಾಗಿ ತರಿಸಿಕೊಳ್ಳುತ್ತಾನೆ. ಮದುವೆಯ ಹಿಂದಿನ ದಿನ ಡೇಸಿಗೆ ಕೊಟ್ಟ ಮುತ್ತಿನ ಹಾರದ ಬೆಲೆ 3,50,000 ಡಾಲರ್. ನಿಕ್‌ನ ಮನೆಗೆ ಆ ದುಡ್ಡಲ್ಲಿ 360 ವರ್ಷಕ್ಕೂ ಜಾಸ್ತಿ ಬಾಡಿಗೆ ಕಟ್ಟಬಹುದಿತ್ತು! ಇಷ್ಟು ದುಡ್ಡಿಗೆ ಯಾರೂ ಲೆಕ್ಕ ಕೇಳುವುದಿಲ್ಲ, ಯಾಕೆಂದರೆ ಅದು ಹಳೇ ದುಡ್ಡು. ಗ್ಯಾಟ್ಸ್‌ಬಿಯ ಮನೆಯಲ್ಲಿ ಕುಡಿದು ಕುಣಿಯುವವರು ಮಾತ್ರ, ಅವನು ಯಾರನ್ನೋ ಕೊಂದಿದ್ದಾನಂತೆ ಅಂತ ಅವನ ಮನೆಯಲ್ಲೇ ಪಿಸುಗುಟ್ಟುತ್ತಾರೆ.

ಏಳನೇ ಅಧ್ಯಾಯದ ಬಾಟಲಿಯೊಂದನ್ನು ಗಮನಿಸಿ. ಬೆಂಕಿಯಂಥ ಬಿಸಿಲು. ಎಲ್ಲರೂ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿಗೆ ಹೊರಟಿದ್ದಾರೆ. ಟಾಮ್ ಮನೆಯಿಂದ ವಿಸ್ಕಿ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬರುತ್ತಾನೆ. ಹೋಟೆಲ್ ರೂಮಿನಲ್ಲಿ ಟವೆಲ್ ಬಿಚ್ಚಿ ಮೇಜಿನ ಮೇಲೆ ಇಡುತ್ತಾನೆ. ಆ ಬಾಟಲಿ ಅಲ್ಲೇ ಇರುವಾಗ ಗ್ಯಾಟ್ಸ್‌ಬಿಯನ್ನು ಕಳ್ಳಹೆಂಡದವನು ಅಂತ ಬಯಲು ಮಾಡುತ್ತಾನೆ. ಡೇಸಿ ಅಲ್ಲೇ ಹಿಂದೆ ಸರಿಯುತ್ತಾಳೆ. ಗೆದ್ದ ಮೇಲೆ, ಮುಚ್ಚಳ ತೆರೆಯದ ಬಾಟಲಿಯನ್ನು ಮತ್ತೆ ಟವೆಲಿನಲ್ಲಿ ಸುತ್ತುತ್ತಾ, ಯಾರಿಗಾದರೂ ಬೇಕಾ ಅಂತ ಕೇಳುತ್ತಾನೆ. 1920ಕ್ಕೆ ಮೊದಲೇ ಕೊಂಡು ಮನೆಯಲ್ಲಿ ದಾಸ್ತಾನು ಮಾಡಿದ್ದವರು ಮನೆಯಲ್ಲೇ ಕುಡಿಯಲು ಆ ಕಾಯ್ದೆ ಅಡ್ಡಿ ಮಾಡಲಿಲ್ಲ. ನೆಲಮಾಳಿಗೆ ಇದ್ದವರಿಗೆ ಒಂದು ಕಾನೂನು, ಇಲ್ಲದವರಿಗೆ ಒಂದು. ಆದರೂ ಬಾಟಲಿ ಹಿಡಿದು ಊರಿಗೆ ಹೋಗುವುದು ಸಾಗಣೆಯೇ, ಅಲ್ವಾ? ಟಾಮ್‌ಗೆ ಅದು ಹೊಳೆಯುವುದೂ ಇಲ್ಲ. ಅಂದಹಾಗೆ ಆ ವಾಲ್ಟರ್ ಚೇಸ್ ಟಾಮ್‌ನ ಸ್ನೇಹಿತನೇ. ಕೈ ಬರಿದಾಗಿ ತಾನಾಗೇ ಬಂದು ಸೇರಿಕೊಂಡ ಅಂತ ಗ್ಯಾಟ್ಸ್‌ಬಿ ತಣ್ಣಗೆ ಹೇಳುತ್ತಾನೆ.

ನಿಕ್ ಸಂಭಾವಿತ ಅಂತ ನಾವೆಲ್ಲ ನಂಬುತ್ತೇವೆ. ಮೊದಲ ಅಧ್ಯಾಯದಲ್ಲೇ ಅವನು ತನ್ನ ಮನೆತನದ ಕಥೆ ಹೇಳಿಕೊಳ್ಳುತ್ತಾನೆ. ಅಜ್ಜನ ಅಣ್ಣನೋ ತಮ್ಮನೋ ಒಬ್ಬ 1851ರಲ್ಲಿ ಬಂದವನು, ಅಂತರ್ಯುದ್ಧಕ್ಕೆ ತನ್ನ ಬದಲು ಬೇರೊಬ್ಬನನ್ನು ಕಳಿಸಿ, ಹಾರ್ಡ್‌ವೇರ್ ಹೋಲ್‌ಸೇಲ್ ವ್ಯಾಪಾರ ಶುರು ಮಾಡಿದ. ಅರ್ಧ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆ ವ್ಯಾಪಾರದ ದುಡ್ಡಿನಲ್ಲೇ ಅಪ್ಪ ಇವನನ್ನು ಒಂದು ವರ್ಷ ನ್ಯೂಯಾರ್ಕಿನಲ್ಲಿ ಸಾಕುತ್ತಾನೆ. ಅಲ್ಲಿ ಇವನು ಕಲಿಯಲು ಹೋದದ್ದೂ ಬಾಂಡ್ ವ್ಯಾಪಾರವೇ.

ಗಾಡಿ ಓಡಿಸಿ ಟಾಮ್‌ನ ಪ್ರೇಯಸಿ ಮರ್ಟಲ್‌ಳನ್ನು ಕೊಂದದ್ದು ಡೇಸಿ. ಗಾಡಿ ಗ್ಯಾಟ್ಸ್‌ಬಿಯದು ಅಂತ ಮರ್ಟಲ್‌ಳ ಗಂಡನಿಗೆ ಹೇಳಿ ಕಳಿಸಿದ್ದು ಟಾಮ್. ಅವನು ಹೋಗಿ ಗ್ಯಾಟ್ಸ್‌ಬಿಗೆ ಗುಂಡು ಹೊಡೆದು ತಾನೂ ಸತ್ತ. ಅಕ್ಟೋಬರಿನಲ್ಲಿ ಫಿಫ್ತ್ ಅವೆನ್ಯೂನಲ್ಲಿ ಟಾಮ್ ಎದುರಾದಾಗ ನಿಕ್ ಮೊದಲು ಕೈ ಕೊಡುವುದಿಲ್ಲ. ಟಾಮ್ ಹೇಳಿದ್ದನ್ನೇ ಸಮರ್ಥಿಸಿಕೊಳ್ಳುತ್ತಾನೆ, ತನಗೂ ಎಷ್ಟು ಕಷ್ಟವಾಯಿತು ಗೊತ್ತಾ ಅನ್ನುತ್ತಾನೆ. ಕೊನೆಗೆ, ಮಗುವಿನ ಜೊತೆ ಮಾತಾಡಿದ ಹಾಗಾಯಿತು, ಕೈ ಕೊಡದಿದ್ದರೆ ಪೆದ್ದುತನ ಅಂದುಕೊಂಡು ನಿಕ್ ಕೈ ಕುಲುಕುತ್ತಾನೆ. ಗ್ಯಾಟ್ಸ್‌ಬಿಯ ಕದ್ದ ಬಾಂಡುಗಳಿಗಿಂತ ಈ ಕೈಕುಲುಕು ನನಗೆ ಜಾಸ್ತಿ ಕಸಿವಿಸಿ ಮಾಡುತ್ತದೆ. ಟಾಮ್ ಒಡವೆ ಅಂಗಡಿಯೊಳಗೆ ಹೋಗುತ್ತಾನೆ, ಇನ್ನೊಂದು ಮುತ್ತಿನ ಹಾರ ಕೊಳ್ಳೋಕೆ ಇರಬಹುದು. ನಿಕ್ ಹಾರ್ಡ್‌ವೇರ್ ಅಂಗಡಿಯ ಊರಿಗೆ ವಾಪಸ್ ಹೋಗುತ್ತಾನೆ.