19 ದಿನ ಆಫೇ ಆಗದ ಲ್ಯಾಪ್‌ಟಾಪ್

ಆಫೀಸಿನಲ್ಲಿ ಕಂಪ್ಯೂಟರ್ ಸರಿ ಮಾಡೋದು ನನ್ನ ಕೆಲಸ. ಬೆಳಗ್ಗೆ 10:40ಕ್ಕೆ ಫೈನಾನ್ಸ್‌ನ ಮೇಡಂ ಫೋನ್ ಮಾಡಿದರು. ಲ್ಯಾಪ್‌ಟಾಪನ್ನು ಡಾಕ್‌ಗೆ (ಸ್ಕ್ರೀನ್ ಕೇಬಲ್ ಜೋಡಿಸುವ ಪೆಟ್ಟಿಗೆ) ಹಾಕಿದರೆ ಮೀಟಿಂಗ್ ರೂಮಿನ ಸ್ಕ್ರೀನ್ ಬರುತ್ತಿಲ್ಲ, 11ಕ್ಕೆ ರಿವ್ಯೂ. ಟಿಕೆಟ್, ಅಂದರೆ ದೂರು, ಹಾಕಿ ಅನ್ನೋಕೂ ಟೈಮಿಲ್ಲ, ಓಡಿದೆ.

ಇನ್ನೊಂದು ಸ್ಕ್ರೀನಿಗೆ ಚಿತ್ರ ಕಳಿಸೋಕೆ ವಿಂಡೋಸ್ ಕೀ ಜೊತೆ ಪಿ ಒತ್ತಿದೆ. ಏನೂ ಇಲ್ಲ. ಕೇಬಲ್ ಬದಲಿಸಿದೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದೆ. ಹಾಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ (ಪರದೆಯನ್ನು ನಡೆಸುವ ಸಾಫ್ಟ್‌ವೇರ್) ಮತ್ತೆ ಶುರುವಾಗುತ್ತದೆ, ತೆರೆದ ಫೈಲುಗಳಿಗೆ ಏನೂ ಆಗಲ್ಲ. ನನ್ನ ಮಾನ ಎಷ್ಟೋ ಸಲ ಉಳಿಸಿದ ಉಪಾಯ ಇದು. ಅವತ್ತು ಬೀಪ್ ಅಂತು, ಪರದೆ ಒಮ್ಮೆ ಮಿಟುಕಿತು, ಅಷ್ಟೇ.

"ಯಾವಾಗ ಆಫ್ ಮಾಡಿದ್ರಿ ಮೇಡಂ?"

"ದಿನಾ ಸಂಜೆ ಶಟ್‌ಡೌನ್ ಮಾಡೇ ಮನೆಗೆ ಹೋಗೋದು."

ಟಾಸ್ಕ್ ಮ್ಯಾನೇಜರ್ ತೆರೆದೆ. ಪರ್ಫಾರ್ಮೆನ್ಸ್, ಸಿಪಿಯು, ಕೆಳಗೆ ಅಪ್‌ಟೈಮ್, ಅಂದರೆ ಎಷ್ಟು ಹೊತ್ತಿನಿಂದ ಆನ್ ಇದೆ ಅನ್ನೋ ಲೆಕ್ಕ: 19 ದಿನ. ಆಗಲೇ ನಾಲ್ಕೈದು ಜನ ಬಂದು ಕೂತಿದ್ದರು. ಪರದೆ ಅವರ ಕಡೆ ತಿರುಗಿಸಿ, "19 ದಿನದಿಂದ ಆಫೇ ಆಗಿಲ್ಲ. ನಿಜ ಹೇಳಿದ್ರೆ ನಮ್ಮ ಕೆಲಸ ಬೇಗ ಆಗುತ್ತೆ" ಅಂದೆ. ಅವರು ಮಾತಾಡಲಿಲ್ಲ. ಯಾರೋ ನಕ್ಕರು. ನನಗೆ ಒಳಗೊಳಗೇ ಖುಷಿ.

ಆ ಖುಷಿಯಲ್ಲೇ ಕೈ ತಪ್ಪಿತು. ರಿಸ್ಟಾರ್ಟ್ ಒತ್ತೋ ಬದಲು ಅದರ ಪಕ್ಕದ ಅಪ್‌ಡೇಟ್ ಅಂಡ್ ರಿಸ್ಟಾರ್ಟ್ ಒತ್ತಿಬಿಟ್ಟೆ. 10:51. ನೀಲಿ ಪರದೆ, ಸುತ್ತುವ ಚುಕ್ಕಿಗಳು, 12%. ಪ್ರೆಸೆಂಟೇಶನ್ ಇದ್ದದ್ದು ಆ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲಿ ಮಾತ್ರ. ಮೊದಲು ಇನ್ನೊಂದು ಮಷೀನಿಗೆ ಮೇಲ್ ಮಾಡಿಸಿಕೊಳ್ಳೋಕೆ ಏನಾಗಿತ್ತು ನನಗೆ? 30%ಗೆ ಬಂದು ನಿಂತಿತು. ಡೈರೆಕ್ಟರ್ ಬಂದರು, ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸುಮ್ನೆ ಇರಲಾಗದೆ ಇನ್ನೊಮ್ಮೆ ಕೇಬಲ್ ತೆಗೆದು ಹಾಕಿದೆ, ಏನೋ ಮಾಡುತ್ತಿದ್ದೇನೆ ಅಂತ ಕಾಣಲಿ ಎಂದು. 11:07ಕ್ಕೆ ಲಾಗಿನ್ ಬಂತು. ದೊಡ್ಡ ಸ್ಕ್ರೀನೂ ಬಂತು.

ಸಂಜೆ ಸುಮ್ನೆ ನನ್ನ ಲ್ಯಾಪ್‌ಟಾಪಿನ ಅಪ್‌ಟೈಮ್ ನೋಡಿದೆ. 11 ದಿನ. ಹಿಂದಿನ ರಾತ್ರಿ ನಾನೇ ಶಟ್‌ಡೌನ್ ಮಾಡಿದ್ದೆ!

ಇದು ಬೇಗ ಆನ್ ಆಗಲಿ ಅಂತ ಇಟ್ಟಿರುವ ಫಾಸ್ಟ್ ಸ್ಟಾರ್ಟಪ್ ಕೆಲಸ, 2012ರ ವಿಂಡೋಸ್ 8ರಿಂದ ಇದೆ. ಶಟ್‌ಡೌನ್ ಕೊಟ್ಟರೆ ನಮ್ಮ ಪ್ರೋಗ್ರಾಮುಗಳು ಮುಚ್ಚುತ್ತವೆ, ನಿಜ. ಆದರೆ ಕರ್ನಲ್ (ವಿಂಡೋಸ್‌ನ ಒಳತಿರುಳು) ಮತ್ತು ಡ್ರೈವರುಗಳು ಇದ್ದ ಹಾಗೇ ಡಿಸ್ಕಿಗೆ ಹೋಗಿ ಕೂತು, ಬೆಳಗ್ಗೆ ಎದ್ದು ಬರುತ್ತವೆ. ಅದಕ್ಕೇ ಅಪ್‌ಟೈಮ್ ಲೆಕ್ಕವೂ ಸೊನ್ನೆಯಿಂದ ಶುರುವಾಗಲ್ಲ. ತಲೆಕೆಟ್ಟ ಡ್ರೈವರ್ ತಲೆಕೆಟ್ಟೇ ಬರುತ್ತದೆ. ರಿಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲಾ ಹೊಸದಾಗಿ ಶುರು. ಇಲ್ಲವೇ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಬೇಕು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪನ್ನೇ ಪೂರ್ತಿ ತೆಗೆದುಹಾಕಲೂಬಹುದು. ಎಲ್ಲಾ ಮಷೀನಿಗೂ ತೆಗೆದುಹಾಕೋಣ ಅಂತ ಮ್ಯಾನೇಜರಿಗೆ ಮೇಲ್ ಕಳಿಸಿದ್ದೇನೆ. "ನೋಟೆಡ್" ಅಂತ ಉತ್ತರ ಬಂದಿದೆ. ಅಂದರೆ ಆಗಲ್ಲ.

ಮರುದಿನ ಮೇಡಂ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಪೂರ್ತಿ ಕೇಳಿಸಿಕೊಂಡರು. "ಅಂದ್ರೆ ನಾನು ಹೇಳಿದ್ದು ನಿಜ ಅಲ್ವಾ? ಹಾಗಿದ್ರೆ ಆ ಟಿಕೆಟ್ ಸರಿ ಮಾಡಿ" ಅಂದರು. ಆಮೇಲೆ ಹಾಕಿಸಿದ ಟಿಕೆಟನ್ನು ನಾನು "ಯೂಸರ್ ಎರರ್" ಅಂತ ಕ್ಲೋಸ್ ಮಾಡಿದ್ದೆ. ಕ್ಲೋಸ್ ಆದದ್ದನ್ನು ತಿದ್ದೋಕೆ ನಮ್ಮ ಟೂಲ್ ಬಿಡಲ್ಲ. ತಿಂಗಳ ರಿಪೋರ್ಟಿನಲ್ಲಿ ಅವರ ಹೆಸರಿನ ಮುಂದೆ ಅದು ಇನ್ನೂ ಹಾಗೇ ಇದೆ.