ದೋಣಿ ಹೊರಡದ ದಿನ

ಜೂನ್ 15, 2024, ಶನಿವಾರ
ಡಿಂಗಲ್, ಐರ್ಲೆಂಡ್

ಬೆಳಿಗ್ಗೆ ಎಂಟಕ್ಕೇ ಫೋನ್ ಬಂತು. ಅಲೆ ಜಾಸ್ತಿ ಇದೆ, ಇವತ್ತು ಬ್ಲಾಸ್ಕೆಟ್ ದ್ವೀಪಕ್ಕೆ ದೋಣಿ ಬಿಡಲ್ಲ ಅಂದರು. ಡಬ್ಲಿನ್‌ನಿಂದ ಇಷ್ಟು ದೂರ ಬಂದಿದ್ದೇ ಆ ದ್ವೀಪಕ್ಕಾಗಿ. ತುಂಬಾ ಬೇಜಾರಾಯಿತು. ನಾವು ಉಳಿದುಕೊಂಡಿರುವ ಮನೆಯ ಅಜ್ಜಿ ಟೀ ಬಗ್ಗಿಸಿ ಕೊಟ್ಟು, ನಕ್ಷೆ ಬಿಡಿಸಿ, ದಾರಿಯ ಊರುಗಳ ಹೆಸರನ್ನು ಒಂದೊಂದಾಗಿ ನನ್ನ ಬಾಯಲ್ಲಿ ಹೇಳಿಸಿದರು. ಸರಿಯಾಗಿ ಬರುವವರೆಗೂ ಬಿಡಲಿಲ್ಲ.

ಕ್ಯೌನ್ ಅಂದರೆ ತಲೆ. ತ್ರಾ ಅಂದರೆ ಮರಳು ತೀರ. ಡೂನ್ ಅಂದರೆ ಕೋಟೆ. ಇಷ್ಟು ಗೊತ್ತಾದರೆ ಅರ್ಧ ನಕ್ಷೆ ಓದಬಹುದು.

ಈ ಊರಿನ ಐರಿಷ್ ಹೆಸರು ಡಾಂಗಿನ್ ಈ ಖೂಶ್. ಡಾಂಗಿನ್ ಅಂದರೂ ಕೋಟೆಯೇ. ಐರಿಷ್ ಇನ್ನೂ ಮನೆಮಾತಾಗಿ ಉಳಿದಿರುವ ಪ್ರದೇಶ ಇದು. 2005ರಲ್ಲಿ ಸರ್ಕಾರ ಇಂಥ ಕಡೆಗಳಲ್ಲಿ ಐರಿಷ್ ಹೆಸರು ಮಾತ್ರ ಸಾಕು ಎಂದಿತು. ಡಿಂಗಲ್ ಎಂಬ ಹೆಸರಿಗೆ ಬೋರ್ಡಿನಲ್ಲಿ ಜಾಗ ಇಲ್ಲದಂತಾಯಿತು. ಮರುವರ್ಷ ಊರಿನವರು ಮತ ಹಾಕಿ ಎರಡೂ ಹೆಸರು ಬೇಕು ಎಂದರು. ಪ್ರವಾಸಿಗರನ್ನು ನಂಬಿ ಬದುಕುವ ಊರು, ಅವರ ಚಿಂತೆ ನನಗೆ ಅರ್ಥವಾಗುತ್ತದೆ. ಆದರೂ ಊರು ದಾಟಿದ ಮೇಲೆ ಐರಿಷ್ ಮಾತ್ರ ಇರುವ ಬೋರ್ಡುಗಳನ್ನು ಕಂಡಾಗ ಮನಸ್ಸಿಗೆ ಖುಷಿಯಾಯಿತು. ರಸ್ತೆಯ ಮೇಲೇ ‘ಗೊ ಮೌಲ್’ ಎಂದು ಬರೆದಿದೆ. ನಿಧಾನವಾಗಿ ಹೋಗಿ ಅಂತ.

ಡಿಂಗಲ್‌ನಿಂದ ಹೊರಟು ಕಡಲಂಚಿನಲ್ಲಿ ಸುತ್ತಿ ಬರುವ ಸ್ಲೇ ಹೆಡ್ ರಸ್ತೆಯನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಸುತ್ತಬೇಕು. ದೊಡ್ಡ ಬಸ್ಸುಗಳು ಹಾಗೇ ಹೋಗುತ್ತವೆ, ಎದುರು ಸಿಕ್ಕರೆ ಪಕ್ಕಕ್ಕೆ ಸರಿಯಲು ಜಾಗ ಇರಲ್ಲ. ಮೊದಲು ಕ್ಯೌನ್ ತ್ರಾ. ಬಾಗಿದ ಉದ್ದನೆಯ ಮರಳು ತೀರ. ಒಂದು ಗಂಟೆ ಬರಿಗಾಲಲ್ಲಿ ನಡೆದೆವು. ಜೂನ್ ಆದರೂ ನೀರು ಮೂಳೆ ಕೊರೆಯುವಷ್ಟು ತಣ್ಣಗಿತ್ತು. ಅದರಲ್ಲೇ ಮಕ್ಕಳು ಈಜುತ್ತಿದ್ದರು!

ಮುಂದೆ ಬಂಡೆಯಂಚಿನಲ್ಲಿ ಡೂನ್ ಬ್ಯೋಗ್ ಎಂಬ ಹಳೆಯ ಕಲ್ಲುಕೋಟೆ. ಚಳಿಗಾಲದ ಬಿರುಗಾಳಿಗೆ ಅದರ ಒಂದಷ್ಟು ಭಾಗ ಈಗಾಗಲೇ ಸಮುದ್ರಕ್ಕೆ ಬಿದ್ದಿದೆ. ಹತ್ತಿರದ ಗುಡ್ಡದ ಮೇಲೆ ಜೇನುಗೂಡಿನ ಆಕಾರದ ಕಲ್ಲಿನ ಗುಡಿಸಲುಗಳು. ಅಲ್ಲಿಂದ ಸ್ವಲ್ಪ ದೂರದಲ್ಲಿ ಒಂದು ತೊರೆ ರಸ್ತೆಯ ಮೇಲೇ ಅಡ್ಡ ಹರಿಯುತ್ತದೆ.

ಆಮೇಲೆ ಡೂನ್ ಖೀನ್. ಇಲ್ಲಿಗೆ ಬರುವವರಿಗೆ ನನ್ನದೊಂದು ಮಾತು: ಬೇರೆ ಏನು ಬಿಟ್ಟರೂ ಪರವಾಗಿಲ್ಲ, ಇಲ್ಲಿ ಅರ್ಧ ದಿನ ಇರಿ. ಬಂಡೆಯ ನಡುವೆ ಕಾಂಕ್ರೀಟ್ ದಾರಿಯೊಂದು ಹಾವಿನ ಹಾಗೆ ಸುತ್ತಿಕೊಂಡು ದೋಣಿಕಟ್ಟೆಗೆ ಇಳಿಯುತ್ತದೆ. ದ್ವೀಪದ ದೋಣಿಗಳು ಬಂದು ನಿಲ್ಲುತ್ತಿದ್ದದ್ದು ಇಲ್ಲೇ. ಈ ಕೆರ್ರಿ ಜಿಲ್ಲೆಯಲ್ಲಿ ಆ ದೋಣಿಗೆ ನೇವೋಗ್ ಎನ್ನುತ್ತಾರೆ. ಮರದ ತೆಳು ಪಟ್ಟಿಗಳ ಮೇಲೆ ಕ್ಯಾನ್ವಾಸ್ ಎಳೆದು ಡಾಂಬರು ಬಳಿದದ್ದು, ಅಷ್ಟೇ. ಅದರಲ್ಲೇ ಸಾಮಾನು, ಕುರಿ, ಶವಪೆಟ್ಟಿಗೆ ಎಲ್ಲವೂ ಈ ಕಡಲು ದಾಟಿದ್ದವು.

ಎದುರಿಗೇ ನಾವು ಹೋಗಬೇಕಿದ್ದ ದೊಡ್ಡ ಬ್ಲಾಸ್ಕೆಟ್ ದ್ವೀಪ. ಒಂದು ಕಾಲಕ್ಕೆ ಅಲ್ಲಿ ನೂರೈವತ್ತಕ್ಕೂ ಹೆಚ್ಚು ಜನ ಇದ್ದರು. ಹುಡುಗರೆಲ್ಲ ಅಮೆರಿಕಕ್ಕೆ ಹೋದರು. ಡಾಕ್ಟರ್ ಇಲ್ಲ, ಪಾದ್ರಿ ಇಲ್ಲ. ದೋಣಿ ನಡೆಸಲು ಗಟ್ಟಿ ತೋಳುಗಳೂ ಉಳಿಯಲಿಲ್ಲ. 1946ರ ಕ್ರಿಸ್‌ಮಸ್ ಹೊತ್ತಿನಲ್ಲಿ ಒಬ್ಬ ಯುವಕನಿಗೆ ಕಾಯಿಲೆಯಾದಾಗ ಕಡಲು ದಾಟಿ ಡಾಕ್ಟರನ್ನು ಕರೆತರಲು ಆಗಲಿಲ್ಲ. ಅವನು ತೀರಿಕೊಂಡ. 1953ರ ನವೆಂಬರಿನಲ್ಲಿ ಸರ್ಕಾರ ದ್ವೀಪವನ್ನು ಖಾಲಿ ಮಾಡಿಸಿತು. ಅಷ್ಟು ಚಿಕ್ಕ ಜಾಗದಿಂದ ಬಂದ ಪುಸ್ತಕಗಳು ಐರಿಷ್ ಸಾಹಿತ್ಯದಲ್ಲಿ ಇಂದಿಗೂ ದೊಡ್ಡವು. ಪೆಗ್ ಸೇಯರ್ಸ್ ತನ್ನ ಬದುಕನ್ನು ಬಾಯಲ್ಲಿ ಹೇಳಿದಳು, ಮಗ ಬರೆದುಕೊಂಡ. ಅವಳ ಸಮಾಧಿ ಡೂನ್ ಖೀನ್‌ನಲ್ಲೇ ಇದೆ.

ಇಲ್ಲಿನ ಬ್ಲಾಸ್ಕೆಟ್ ಕೇಂದ್ರದೊಳಗೆ ಉದ್ದನೆಯ ನಡುದಾರಿ ಇದೆ. ಅದರ ಕೊನೆಗೆ ದೊಡ್ಡ ಕಿಟಕಿ. ಕಿಟಕಿಯಲ್ಲಿ ದ್ವೀಪ. ನಾನು ಅಲ್ಲೇ ಸುಮ್ನೆ ಕೂತೆ. ಗುಡ್ಡದ ಮೇಲಿನ ಗೋಡೆಗಳು ಮಾತ್ರ ಕಾಣುತ್ತಿದ್ದವು. ದ್ವೀಪ ಬಿಟ್ಟ ಮೇಲೆ ಹಲವರು ಇದೇ ದಡದಲ್ಲಿ ನೆಲೆಸಿದರು. ದಿನಾ ಬಾಗಿಲು ತೆಗೆದರೆ ಎದುರಿಗೆ ತಾನು ಬಿಟ್ಟುಬಂದ ಮನೆ. ಹೇಗೆ ತಡೆದುಕೊಂಡರೋ.

ಉತ್ತರಕ್ಕಿರುವ ಇನ್ನೊಂದು ದ್ವೀಪ ಮನುಷ್ಯ ಅಂಗಾತ ಮಲಗಿದ ಹಾಗೇ ಕಾಣುತ್ತದೆ. ಹೊಟ್ಟೆ, ಎದೆ, ಮೂಗು ಎಲ್ಲಾ ಇದೆ. ಇಂಗ್ಲಿಷಿನಲ್ಲಿ ಅದು ‘ಮಲಗಿರುವ ದೈತ್ಯ’. ಐರಿಷಿನಲ್ಲಿ ಅನ್ ಫ್ಯಾರ್ ಮಾರವ್, ಅಂದರೆ ‘ಸತ್ತ ಮನುಷ್ಯ’. ಪಕ್ಕದಲ್ಲಿದ್ದ ಪ್ರವಾಸಿ ಮಕ್ಕಳು ದೈತ್ಯ ಯಾವಾಗ ಏಳ್ತಾನೆ ಅಂತ ಕೇಳುತ್ತಿದ್ದರು. ಈ ಕಡಲಲ್ಲಿ ಮೀನು ಹಿಡಿದು ಬದುಕಿದವರು ಇಟ್ಟ ಹೆಸರು ಮಾತ್ರ ಬೇರೆ, ಅಲ್ವಾ?

ವಾಪಸ್ ಬರುವಾಗ ಮಳೆ. ಗ್ಯಾಲರಸ್ ಪ್ರಾರ್ಥನಾಗೃಹದೊಳಗೆ ಹೊಕ್ಕೆವು. ಮಗುಚಿದ ದೋಣಿಯಂಥ ಪುಟ್ಟ ಕಟ್ಟಡ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಇಟ್ಟು, ನೀರು ಹೊರಗೆ ಜಾರುವಂತೆ ಪ್ರತಿ ಕಲ್ಲನ್ನೂ ತುಸು ಓರೆ ಮಾಡಿದ್ದಾರೆ. ನೂರಾರು ವರ್ಷ ಕಳೆದರೂ ಒಳಗೆ ಒಣಗಿತ್ತು.

ಸಂಜೆ ಬಂದರಿನಲ್ಲಿ ಫಂಗಿ ಎಂಬ ಡಾಲ್ಫಿನ್‌ನ ಕಂಚಿನ ಮೂರ್ತಿ ನೋಡಿದೆವು. 1983ರಿಂದ ಇದೇ ಕೊಲ್ಲಿಯಲ್ಲಿ ದೋಣಿಗಳ ಜೊತೆ ಆಡಿಕೊಂಡಿತ್ತು. 2020ರ ಅಕ್ಟೋಬರ್ ನಂತರ ಕಾಣಲೇ ಇಲ್ಲ.

ಈಗ ರಾತ್ರಿ ಹತ್ತು ಗಂಟೆ, ಇನ್ನೂ ಬೆಳಕಿದೆ. ಶೂ ಒಲೆಯ ಹತ್ತಿರ ಒಣಗುತ್ತಿದೆ. ಗಾಳಿ ಇಳಿದಿದೆ ಅಂತ ಅಜ್ಜಿ ಹೇಳಿದರು. ಬೆಳಿಗ್ಗೆ ಎದ್ದ ತಕ್ಷಣ ದೋಣಿಯವರಿಗೆ ಫೋನ್ ಮಾಡಬೇಕು.