ಹನ್ನೊಂದನೇ ಕ್ಲಾಸಿಗೆ ಯಾವ ಇಂಗ್ಲಿಷ್?

ಕನ್ನಡ ಕೂಟದ ಸಂಕ್ರಾಂತಿ ಊಟದ ಸಾಲಿನಲ್ಲಿ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. "ಅಕ್ಕಾ, ಮಗ ಮುಂದಿನ ವರ್ಷ ಹನ್ನೊಂದಕ್ಕೆ ಬರ್ತಾನೆ. ಇಂಗ್ಲಿಷಿಗೆ ಎಪಿ ಲ್ಯಾಂಗ್ ಹಾಕಿಸೋದಾ, ಎಪಿ ಲಿಟ್ ಹಾಕಿಸೋದಾ, ಇಲ್ಲಾ ಅಮೆರಿಕನ್ ಲಿಟರೇಚರ್ ಆನರ್ಸ್ ಸಾಕಾ?" ನಮ್ಮ ನ್ಯೂಜೆರ್ಸಿಯಲ್ಲಿ ಅದು ಸ್ಕೂಲಿನ ಕೋರ್ಸ್ ಆರಿಸುವ ಕಾಲ. ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದಲ್ಲಿ ಓದಿಸುವ ಕೋರ್ಸು; ಲ್ಯಾಂಗ್ ಅಂದರೆ ಲ್ಯಾಂಗ್ವೇಜ್, ಲಿಟ್ ಅಂದರೆ ಲಿಟರೇಚರ್. ಆನರ್ಸ್ ಅಂದರೆ ಸ್ಕೂಲಿನದೇ ಸ್ವಲ್ಪ ಮೇಲ್ಮಟ್ಟದ ಕ್ಲಾಸು. ಉತ್ತರ ಹೇಳಿ ಮುಗಿಸುವ ಹೊತ್ತಿಗೆ ಪೊಂಗಲ್ ತಣ್ಣಗಾಗಿರುತ್ತದೆ. ಅದಕ್ಕೇ ಇಲ್ಲಿ ಬರೆದುಬಿಡುತ್ತೇನೆ.

ಎರಡು ಎಪಿಯಲ್ಲಿ ಒಂದೇ ಅಂದರೆ ನನ್ನ ಓಟು ಲ್ಯಾಂಗ್‌ಗೆ.

ಹೆಸರು ನೋಡಿ ಅದು ಗ್ರಾಮರ್ ಕ್ಲಾಸು ಅಂದುಕೊಳ್ಳಬೇಡಿ. ಭಾಷಣ, ಪತ್ರ, ಪ್ರಬಂಧ, ಪತ್ರಿಕೆ ಲೇಖನ ಓದಿಸುತ್ತಾರೆ. ಬರೆದವರು ನಮ್ಮನ್ನು ಹೇಗೆ ಒಪ್ಪಿಸುತ್ತಾರೆ ಅನ್ನುವುದೇ ಪಾಠ. ಮೇ ತಿಂಗಳ ಪರೀಕ್ಷೆಯಲ್ಲಿ 45 ಆಯ್ಕೆ ಪ್ರಶ್ನೆ, ಮೂರು ಪ್ರಬಂಧ. ಒಂದು ಪ್ರಬಂಧಕ್ಕೆ ಅವರೇ ಒಂದಿಷ್ಟು ಬರಹ, ಚಾರ್ಟು ಕೊಡುತ್ತಾರೆ. ಕನಿಷ್ಠ ಮೂರನ್ನು ಬಳಸಿ ನಮ್ಮ ವಾದ ಕಟ್ಟಬೇಕು. 55 ಪರ್ಸೆಂಟ್ ಅಂಕ ಪ್ರಬಂಧಗಳಿಗೇ. ಗೈಡ್ ಉರು ಹೊಡೆದು ಪಾಸಾದ ನಮ್ಮ ಪಿಯುಸಿ ಉಪಾಯ ಇಲ್ಲಿ ನಡೆಯುವುದಿಲ್ಲ.

ನನ್ನ ಚಿಕ್ಕ ಮಗಳು ಇದನ್ನೇ ತೆಗೆದುಕೊಂಡಳು. ಸಮಾನ ಹಕ್ಕಿಗೆ ಇನ್ನೂ ಕಾಯಿರಿ ಅಂದವರಿಗೆ ಉತ್ತರವಾಗಿ ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಅದರಲ್ಲಿ ಒಂದೇ ವಾಕ್ಯ 300 ಪದ ದಾಟುತ್ತದೆ. ಇವಳು ಪೆನ್ಸಿಲ್ಲಿನಲ್ಲಿ ಸೆಮಿಕೋಲನ್‌ಗಳಿಗೆಲ್ಲ ಸುತ್ತು ಹಾಕಿದ್ದಳು. ಅವರ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: ಫುಲ್‌ಸ್ಟಾಪ್ ಯಾಕೆ ಬರುತ್ತಿಲ್ಲ? ಅರ್ಧ ಗಂಟೆ ಆದ ಮೇಲೆ ಹುಡುಗಿ ಅಡುಗೆಮನೆಗೆ ಬಂದು, "ಅಮ್ಮಾ, ಸ್ವಲ್ಪ ಕಾಯಿರಿ ಅಂತ ಹೇಳಿದವರನ್ನ ಕಿಂಗ್ ಇಲ್ಲಿ ಕಾಯಿಸ್ತಿದ್ದಾರೆ" ಅಂದಳು. ನಾನು ಇಡೀ ಡಿಗ್ರಿಯಲ್ಲಿ ಹೀಗೆ ಒಂದು ವಾಕ್ಯ ಓದಿರಲಿಲ್ಲ.

ಹಾಗಾದರೆ ಲಿಟ್ ಬೇಡವಾ? ಕಥೆ, ಕವಿತೆ, ನಾಟಕ ಓದುವ ಮಗುವಿಗೆ ಖಂಡಿತ ಬೇಕು. ಅಲ್ಲಿ ಮೂರು ಪ್ರಬಂಧದಲ್ಲಿ ಒಂದು ಪೂರ್ತಿ ಕವಿತೆಯ ಮೇಲೆ. ದೊಡ್ಡ ಮಗಳ ವಿಷಯದಲ್ಲಿ ನಾನೇ ತಪ್ಪು ಮಾಡಿದೆ. ಲಿಟರೇಚರ್ ಅಂದರೆ ಜಾಸ್ತಿ ತೂಕ ಅಂದುಕೊಂಡು ಒತ್ತಾಯ ಮಾಡಿ ಸೇರಿಸಿದೆ. ಎಮಿಲಿ ಡಿಕಿನ್ಸನ್ನಳ ಕವಿತೆಗಳ ತುಂಬ ಇರುವ ಗೀಟುಗಳನ್ನು (ಡ್ಯಾಶ್) ನೋಡಿ ಅವಳು ವರ್ಷವಿಡೀ ಹಲ್ಲು ಕಡಿದಳು. ಕಾಲೇಜು ಸೇರಿದ ಮೇಲೆ ಅವಳ ಕೈಯಲ್ಲಿ ನಾನು ಕವಿತೆ ಪುಸ್ತಕ ನೋಡಿಲ್ಲ.

ಇನ್ನು ಆನರ್ಸ್. ಹನ್ನೊಂದನೇ ಕ್ಲಾಸಿನಲ್ಲಿ ಅಮೆರಿಕನ್ ಸಾಹಿತ್ಯ ಓದಿಸುವುದು ಇಲ್ಲಿನ ಹಳೇ ವಾಡಿಕೆ. ಅದರಲ್ಲಿ ಸಿಗುವ ಪುಸ್ತಕಗಳನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. 1692ರ ಸೇಲಂ ಮಾಟಗಾತಿ ವಿಚಾರಣೆಯ ನೆಪದಲ್ಲಿ ತನ್ನ ಕಾಲದ ಕಮ್ಯುನಿಸ್ಟ್ ಬೇಟೆಯನ್ನು ತೋರಿಸಿದ ಆರ್ಥರ್ ಮಿಲ್ಲರ್ ನಾಟಕ ಓದದೆ ಈ ದೇಶದಲ್ಲಿ ಹೈಸ್ಕೂಲು ಮುಗಿಸುವುದಾ? ಸಮಾಧಾನ ಏನಂದರೆ, ಎಷ್ಟೋ ಸ್ಕೂಲುಗಳು ಎಪಿ ಲ್ಯಾಂಗ್ ಒಳಗೇ ಅಮೆರಿಕನ್ ಪುಸ್ತಕಗಳನ್ನೂ ಸೇರಿಸಿಕೊಂಡಿರುತ್ತವೆ. ಕೌನ್ಸೆಲರ್ ಹತ್ತಿರ ರೀಡಿಂಗ್ ಲಿಸ್ಟ್ ಕೇಳಿ ತೆಗೆದುಕೊಳ್ಳಿ. ನಾವು ಜಿಪಿಎ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತೇವೆ, ಇದೊಂದನ್ನು ಕೇಳುವುದಿಲ್ಲ.

ಎಪಿ ಪರೀಕ್ಷೆಯಲ್ಲಿ 5ಕ್ಕೆ 4 ಬಂದರೆ ಕಾಲೇಜಿನಲ್ಲಿ ಕ್ರೆಡಿಟ್ ಸಿಗುತ್ತದಾ ಅಂದರೆ, ಅದು ಆಯಾ ಕಾಲೇಜಿನ ಲೆಕ್ಕ. ಕೆಲವರಿಗೆ 3 ಸಾಕು, ಕೆಲವರು 5 ಬಂದರೂ ಕೊಡುವುದಿಲ್ಲ.

ಈ ಸಲ ಕೇಳಿದವಳ ಹಿಂದೆಯೇ ಮಗ ಫೋನ್ ನೋಡುತ್ತಾ ನಿಂತಿದ್ದ. "ಕೊನೇವರೆಗೂ ಓದಿದ್ದು ಯಾವುದಪ್ಪಾ ಈಚೆಗೆ?" ಅಂತ ಅವನನ್ನೇ ಕೇಳಿದೆ. ಬ್ಯಾಸ್ಕೆಟ್‌ಬಾಲ್ ಆಟಗಾರನೊಬ್ಬನ ಮೇಲೆ ಬಂದ ಉದ್ದದ ಲೇಖನ ಅಂದ. ಅದರಲ್ಲಿ ಬರೆದವನು ಎಲ್ಲಿ ಮೋಸ ಮಾಡಿದ್ದಾನೆ ಅಂತಲೂ ಹೇಳಿದ. ಅವರಮ್ಮ ತಲೆ ಚಚ್ಚಿಕೊಂಡಳು. "ಲ್ಯಾಂಗ್ ಹಾಕ್ಸು" ಅಂದೆ.